ಗರ್ಭಕಂಠದ ಕ್ಯಾನ್ಸರ್: ತಪಾಸಣೆಯ ನಂತರದ ಆರೈಕೆ ಮತ್ತು ರಾಯಚೂರು ಸೀಮೆಯ ಅಡೆತಡೆಗಳು

ಗರ್ಭಕಂಠದ ಕ್ಯಾನ್ಸರ್ ತಪಾಸಣೆಯಲ್ಲಿ ಅನುಮಾನ ಕಂಡ ಹೆಂಗಸಿಗೆ ಮುಂದೆ ಆಗಬೇಕಾದ ಖಚಿತ ಪರೀಕ್ಷೆ, ಚಿಕಿತ್ಸೆ, ವರ್ಷದ ನಂತರದ ಮರುಪರೀಕ್ಷೆ ಇವೆಲ್ಲ ಸೇರಿ ತಪಾಸಣೆಯ ನಂತರದ ಆರೈಕೆ ಎನಿಸುತ್ತದೆ. ಆಸ್ಪತ್ರೆಗಳಲ್ಲಿ ಎಲ್ಲರೂ ಇದನ್ನು ಫಾಲೋಅಪ್ ಎಂದೇ ಕರೆಯುತ್ತಾರೆ. ತಪಾಸಣೆಯಿಂದ ರೋಗ ಗೊತ್ತಾಗುತ್ತದೆಯೇ ಹೊರತು ವಾಸಿಯಾಗುವುದಿಲ್ಲ. ಶಿಬಿರ ಹಾಕಿ ಸಾವಿರ ಜನರನ್ನು ಪರೀಕ್ಷಿಸಿದರೂ ಅನುಮಾನ ಕಂಡವರು ಮುಂದಿನ ಆಸ್ಪತ್ರೆಯ ಮೆಟ್ಟಿಲು ಹತ್ತದಿದ್ದರೆ ಆ ಶಿಬಿರದಿಂದ ಒಂದು ಜೀವವೂ ಉಳಿದಂತಾಗಲಿಲ್ಲ. ಈ ಹಾದಿ ಎಲ್ಲೆಲ್ಲಿ ಕಡಿದುಹೋಗುತ್ತದೆ, ಏಕೆ ಕಡಿದುಹೋಗುತ್ತದೆ ಎಂಬುದನ್ನು ರಾಯಚೂರು ನಗರ, ಅದರ ಪಶ್ಚಿಮಕ್ಕಿರುವ ಕಲ್ಮಲ, ಮತ್ತು ದೇವದುರ್ಗ, ಮಾನ್ವಿ ತಾಲ್ಲೂಕುಗಳನ್ನು ಮುಂದಿಟ್ಟುಕೊಂಡು ಇಲ್ಲಿ ನೋಡಲಾಗಿದೆ.

2022ರ ಅಂದಾಜಿನಂತೆ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 6.6 ಲಕ್ಷ ಹೆಂಗಸರಿಗೆ ಈ ಕ್ಯಾನ್ಸರ್ ಹೊಸದಾಗಿ ಬರುತ್ತದೆ, 3.5 ಲಕ್ಷ ಮಂದಿ ಸಾಯುತ್ತಾರೆ. ಭಾರತದ ಪಾಲು ಸುಮಾರು 1.27 ಲಕ್ಷ ಹೊಸ ರೋಗಿಗಳು, ಹತ್ತಿರ ಹತ್ತಿರ 80 ಸಾವಿರ ಸಾವುಗಳು. ಕಾರಣ ಹ್ಯೂಮನ್ ಪ್ಯಾಪಿಲೋಮಾ ವೈರಸ್, ಅಂದರೆ ಎಚ್‌ಪಿವಿ. ಅದರ ಹಲವು ಬಗೆಗಳಲ್ಲಿ 16 ಮತ್ತು 18ನೆಯವು ಸುಮಾರು ಶೇ. 70ರಷ್ಟು ರೋಗಕ್ಕೆ ಹೊಣೆ. ಲೈಂಗಿಕ ಸಂಪರ್ಕದಿಂದ ಹರಡುವ ಈ ವೈರಸ್ ಹೆಚ್ಚಿನವರಲ್ಲಿ ಒಂದೆರಡು ವರ್ಷದಲ್ಲಿ ತಾನಾಗಿ ಹೋಗಿಬಿಡುತ್ತದೆ. ಕೆಲವರಲ್ಲಿ ಮಾತ್ರ ಉಳಿದುಕೊಂಡು, ಗರ್ಭಕೋಶದ ಬಾಯಿಯ ಜೀವಕೋಶಗಳನ್ನು ಕೆಡಿಸುತ್ತಾ ಹೋಗಿ, ಹದಿನೈದು ಇಪ್ಪತ್ತು ವರ್ಷಗಳಲ್ಲಿ ಕ್ಯಾನ್ಸರಿಗೆ ತಿರುಗುತ್ತದೆ. ಇಷ್ಟು ಕಾಲಾವಕಾಶ ಕೊಡುವ ಕ್ಯಾನ್ಸರುಗಳು ಕಡಿಮೆ. ಅಷ್ಟು ವರ್ಷ ಕೈಯಲ್ಲಿದ್ದೂ ಹೆಂಗಸರು ಮೂರನೆಯ ಹಂತದಲ್ಲಿ, ರಕ್ತಸ್ರಾವ ಹತೋಟಿ ಮೀರಿದ ಮೇಲೆ ಆಸ್ಪತ್ರೆ ಸೇರುವುದು ರೋಗದ ಗುಣದಿಂದಲ್ಲ, ವ್ಯವಸ್ಥೆಯ ಗುಣದಿಂದ.

ತಪಾಸಣೆಯ ಬಗೆ

ಭಾರತ ಸರ್ಕಾರ 2016ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ 30ರಿಂದ 65 ವರ್ಷದ ಹೆಂಗಸರಿಗೆ ಐದು ವರ್ಷಕ್ಕೊಮ್ಮೆ ಈ ತಪಾಸಣೆ ಆಗಬೇಕು. ಅದಕ್ಕೆ ಆಯ್ದುಕೊಂಡಿದ್ದು ವಿಐಎ ಎಂಬ ಅಗ್ಗದ ವಿಧಾನ. ಶೇ. 3ರಿಂದ 5ರಷ್ಟು ಅಸಿಟಿಕ್ ಆಮ್ಲವಿರುವ ದ್ರಾವಣವನ್ನು, ಅಂದರೆ ವಿನೆಗರ್ ಗಟ್ಟಿತನದ್ದನ್ನು, ಹತ್ತಿಯಲ್ಲಿ ಅದ್ದಿ ಗರ್ಭಕೋಶದ ಬಾಯಿಗೆ ಹಚ್ಚುತ್ತಾರೆ. ಒಂದು ನಿಮಿಷ ಕಾಯುತ್ತಾರೆ. ಒಳ್ಳೆಯ ಬೆಳಕು ಬಿಟ್ಟು ನೋಡಿದಾಗ ಕೆಟ್ಟ ಜೀವಕೋಶಗಳಿದ್ದ ಜಾಗ ಬೆಳ್ಳಗೆ ಕಾಣುತ್ತದೆ. ಪ್ರಯೋಗಾಲಯ ಬೇಡ, ವರದಿಗೆ ಕಾಯುವುದು ಬೇಡ, ತರಬೇತಿ ಪಡೆದ ನರ್ಸ್ ಸಾಕು. ಆ ಒಂದು ನಿಮಿಷದ ಪರೀಕ್ಷೆಯ ಬೆಲೆ ಇರುವುದೇ ಇದರಲ್ಲಿ: ಫಲಿತಾಂಶ ಹೆಂಗಸು ಮೇಜಿನ ಮೇಲಿಂದ ಇಳಿಯುವ ಮುಂಚೆ ಗೊತ್ತಾಗುತ್ತದೆ. ಆದರೆ ನಮ್ಮಲ್ಲಿ ಬಹುಪಾಲು ಕಡೆ ಫಲಿತಾಂಶ ಅಲ್ಲೇ ಸಿಗುತ್ತದೆ, ಚಿಕಿತ್ಸೆ ಇನ್ನೆಲ್ಲೋ ಇರುತ್ತದೆ. ಈ ಲೇಖನ ಹೇಳುವ ಅಡೆತಡೆಗಳಲ್ಲಿ ಹೆಚ್ಚಿನವು ಆ ನಡುವಿನ ಜಾಗದಲ್ಲಿ ಹುಟ್ಟಿದವು.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 30ರಿಂದ 49 ವರ್ಷದ ಹೆಂಗಸರ ಪೈಕಿ ಒಮ್ಮೆಯಾದರೂ ಈ ತಪಾಸಣೆ ಮಾಡಿಸಿಕೊಂಡವರು ದೇಶದಲ್ಲಿ ಶೇ. 1.9 ಮಾತ್ರ. ಅಂಕಿ ಇಷ್ಟು ಬಡವಾಗಿರುವುದರಿಂದ ಆಡಳಿತದ ಗಮನವೆಲ್ಲ ಎಷ್ಟು ಜನರನ್ನು ಪರೀಕ್ಷಿಸಿದೆವು ಎಂಬ ಲೆಕ್ಕದ ಮೇಲೆ. ವಿಶ್ವ ಆರೋಗ್ಯ ಸಂಸ್ಥೆ 2020ರ ನವೆಂಬರಿನಲ್ಲಿ ಘೋಷಿಸಿದ ಗುರಿಯಲ್ಲಿ ಮೂರು ಸಂಖ್ಯೆಗಳಿವೆ: 15 ವರ್ಷ ತುಂಬುವುದರೊಳಗೆ ಶೇ. 90 ಬಾಲಕಿಯರಿಗೆ ಲಸಿಕೆ, 35 ಮತ್ತು 45ನೆಯ ವಯಸ್ಸಿನಲ್ಲಿ ಶೇ. 70 ಹೆಂಗಸರಿಗೆ ಉತ್ತಮ ಗುಣಮಟ್ಟದ ತಪಾಸಣೆ, ರೋಗ ಕಂಡವರಲ್ಲಿ ಶೇ. 90 ಮಂದಿಗೆ ಚಿಕಿತ್ಸೆ. ಮೊದಲೆರಡರ ಬಗ್ಗೆ ಭಾಷಣಗಳಾಗುತ್ತವೆ, ಫ್ಲೆಕ್ಸ್ ಕಟ್ಟುತ್ತಾರೆ. ಮೂರನೆಯದರ ಸುದ್ದಿ ಎತ್ತುವವರು ಕಡಿಮೆ.

ಸೀಮೆಯ ಪರಿಚಯ

ಕೃಷ್ಣೆ ಮತ್ತು ತುಂಗಭದ್ರೆಯರ ನಡುವಿನ ರಾಯಚೂರು ಜಿಲ್ಲೆ 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿತ್ತು. 2012ರ ತಿದ್ದುಪಡಿ ಕಾಯ್ದೆಯಿಂದ ಸಂವಿಧಾನಕ್ಕೆ ಸೇರಿದ 371(ಜೆ) ವಿಧಿಯ ವಿಶೇಷ ಸ್ಥಾನಮಾನ ಇದಕ್ಕಿದೆ. 2018ರಲ್ಲಿ ನೀತಿ ಆಯೋಗ ಗುರುತಿಸಿದ ಮಹತ್ವಾಕಾಂಕ್ಷಿ ಜಿಲ್ಲೆಗಳಲ್ಲಿ ಕರ್ನಾಟಕದಿಂದ ಸೇರಿದ್ದು ರಾಯಚೂರು ಮತ್ತು ಯಾದಗಿರಿ. 2011ರ ಜನಗಣತಿಯಲ್ಲಿ ಜಿಲ್ಲೆಯ ಜನಸಂಖ್ಯೆ ಸುಮಾರು 19 ಲಕ್ಷ. ಆಗ ಹೆಣ್ಣುಮಕ್ಕಳಲ್ಲಿ ಅಕ್ಷರಸ್ಥರು ಅರ್ಧಕ್ಕಿಂತ ಕಡಿಮೆಯಿದ್ದರು.

ಕಲ್ಮಲ ರಾಯಚೂರಿನಿಂದ ಹದಿನೈದು ಕಿಲೋಮೀಟರಿನ ಆಸುಪಾಸಿನಲ್ಲಿ, ಲಿಂಗಸುಗೂರು ರಸ್ತೆಯಲ್ಲಿದೆ. ಗಬ್ಬೂರು, ದೇವದುರ್ಗ ಹಾದು ತಿಂಥಣಿ ಸೇತುವೆಗೆ ಹೋಗುವ ಹೆದ್ದಾರಿ ಕವಲೊಡೆಯುವುದು ಇಲ್ಲಿಯೇ. ದೇವದುರ್ಗ ಪಟ್ಟಣ ರಾಯಚೂರಿಗೆ ಐವತ್ತಕ್ಕೂ ಹೆಚ್ಚು ಕಿಲೋಮೀಟರು. ಮಾನ್ವಿ ನಲವತ್ತರ ಮೇಲೆ. ಮಾನ್ವಿಯ ಕಡೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರಿದೆ, ಭತ್ತವಿದೆ, ಆಂಧ್ರದಿಂದ ಬಂದು ನೆಲೆಸಿದವರ ಕ್ಯಾಂಪುಗಳಿವೆ. ದೇವದುರ್ಗದ ಕಡೆ ನಾರಾಯಣಪುರ ಬಲದಂಡೆ ಕಾಲುವೆ ಬಂದಿದ್ದರೂ ಕಾಲುವೆಯ ತುದಿಯ ಹೊಲಗಳೂ ಮಳೆ ನಂಬಿದ ಹೊಲಗಳೂ ಸಾಕಷ್ಟಿವೆ. ಹತ್ತಿ, ತೊಗರಿ, ಮೆಣಸಿನಕಾಯಿ ಇಲ್ಲಿನ ಬೆಳೆ. ಕೆಲಸ ಮುಗಿದ ಮೇಲೆ ಗುಳೆ.

ವೈದ್ಯಕೀಯ ಸೌಲಭ್ಯ ಇಡೀ ಜಿಲ್ಲೆಗೆ ಒಂದೇ ಊರಿನಲ್ಲಿ ಗುಡ್ಡೆಬಿದ್ದಿದೆ. 2007ರಲ್ಲಿ ಆರಂಭವಾದ ರಾಯಚೂರು ವೈದ್ಯಕೀಯ ವಿಜ್ಞಾನ ಸಂಸ್ಥೆ, ಅಂದರೆ ರಿಮ್ಸ್, ನಗರದಲ್ಲಿದೆ. ಜನ ಈಗಲೂ ಓಪೆಕ್ ಆಸ್ಪತ್ರೆ ಎಂದೇ ಕರೆಯುವ ರಾಜೀವ್ ಗಾಂಧಿ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆಯೂ ನಗರದಲ್ಲೇ ಇದೆ. ಖಾಸಗಿ ವೈದ್ಯಕೀಯ ಕಾಲೇಜೂ ಅಲ್ಲಿಯೇ. ತಮ್ಮೂರಿಗೆ ಏಮ್ಸ್ ಬೇಕೆಂದು ರಾಯಚೂರಿನವರು 2022ರ ಮೇ ತಿಂಗಳಲ್ಲಿ ಧರಣಿ ಕೂತು ವರ್ಷಗಟ್ಟಲೆ ಎದ್ದೇಳದಿದ್ದುದಕ್ಕೆ ಈ ಹಿನ್ನೆಲೆಯಿದೆ.

ಮೊದಲ ಕಡಿತ: ಚೀಟಿಯಿಂದ ಆಸ್ಪತ್ರೆಗೆ

ಉಪಕೇಂದ್ರ ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಬೆಳ್ಳಗಿನ ಮಚ್ಚೆ ಕಂಡರೆ ಮುಂದಿನದು ಕಾಲ್ಪೊಸ್ಕೋಪಿ. ಗರ್ಭಕೋಶದ ಬಾಯಿಯನ್ನು ಹಿಗ್ಗಿಸಿ ತೋರಿಸುವ ದುರ್ಬೀನಿನಂಥ ಸಾಧನದಲ್ಲಿ ನೋಡಿ, ಅಗತ್ಯವಿದ್ದರೆ ಚೂರು ಮಾಂಸ ತೆಗೆದು ಬಯಾಪ್ಸಿಗೆ ಕಳಿಸುತ್ತಾರೆ. ಇದಕ್ಕೆ ಸ್ತ್ರೀರೋಗ ತಜ್ಞೆ ಬೇಕು, ಬಯಾಪ್ಸಿಗೆ ಪ್ರಯೋಗಾಲಯ ಬೇಕು. ಹೀಗಾಗಿ ಕೈಗೆ ಒಂದು ಚೀಟಿ ಬರುತ್ತದೆ.

ಆ ಚೀಟಿಯನ್ನು ಒಮ್ಮೆ ನೋಡಬೇಕು. ಅಂಗೈಯಗಲದ ಕಾಗದ. ಹೆಸರು, ವಯಸ್ಸು, ಊರು, ಅದರ ಕೆಳಗೆ ಇಂಗ್ಲಿಷಿನಲ್ಲಿ ಮೂರು ಅಕ್ಷರ, ಪಕ್ಕದಲ್ಲೊಂದು ಕೂಡಿಸುವ ಗುರುತು, ದೊಡ್ಡಾಸ್ಪತ್ರೆಯ ಹೆಸರು, ಗೀಚಿದ ಸಹಿ. ಯಾವ ದಿನ ಹೋಗಬೇಕು, ಯಾವ ಕೋಣೆಗೆ ಹೋಗಬೇಕು, ಯಾರನ್ನು ಕೇಳಬೇಕು, ಅಲ್ಲಿ ಏನು ಮಾಡುತ್ತಾರೆ, ಎಷ್ಟು ಹೊತ್ತು ಹಿಡಿಯುತ್ತದೆ ಎಂಬುದೊಂದೂ ಅದರಲ್ಲಿರುವುದಿಲ್ಲ. ರೇಷನ್ ಕಾರ್ಡು, ಆಧಾರ್ ಇಟ್ಟ ಪ್ಲಾಸ್ಟಿಕ್ ಚೀಲದೊಳಗೆ ಅದೂ ಸೇರುತ್ತದೆ. ಓದು ಬಾರದ ಹೆಂಗಸಿಗೆ ಅದನ್ನು ಓದಿ ಹೇಳುವವನು ಹೈಸ್ಕೂಲಿಗೆ ಹೋಗುವ ಮಗ. ಅವ್ವನ ಗರ್ಭಚೀಲದ ವಿಷಯ ಅವನ ಬಾಯಿಂದ ಕೇಳುವುದಕ್ಕಿಂತ ಚೀಟಿ ಚೀಲದಲ್ಲೇ ಇರಲಿ ಎನಿಸಿದರೆ ಅದರಲ್ಲಿ ಆಶ್ಚರ್ಯವೇನೂ ಇಲ್ಲ. ಮಾನ್ವಿಯ ಕ್ಯಾಂಪುಗಳಲ್ಲಿ ತೆಲುಗು, ತಾಂಡಾಗಳಲ್ಲಿ ಲಂಬಾಣಿ, ರಾಯಚೂರಿನ ಓಣಿಗಳಲ್ಲಿ ಉರ್ದು. ಚೀಟಿಯ ಭಾಷೆ ಮಾತ್ರ ಎಲ್ಲ ಕಡೆಯೂ ಒಂದೇ.

ಇನ್ನೊಂದು ತೊಡಕು ಪರೀಕ್ಷೆಯ ಗುಣದಲ್ಲೇ ಇದೆ. ವಿಐಎ ಬೇಗ ಅನುಮಾನಪಡುವ ಪರೀಕ್ಷೆ. ಸೋಂಕು, ಉರಿಯೂತ ಇದ್ದರೂ ಜಾಗ ಬೆಳ್ಳಗೆ ಕಾಣಬಹುದು. ರಾಯಚೂರಿನಂತೆಯೇ ಹಿಂದೆ ನಿಜಾಮನ ಆಳ್ವಿಕೆಯಲ್ಲಿದ್ದ ಮರಾಠವಾಡದ ಉಸ್ಮಾನಾಬಾದ್ (ಈಗ ಧಾರಾಶಿವ) ಜಿಲ್ಲೆಯಲ್ಲಿ 1999ರಿಂದ ನಡೆದ ದೊಡ್ಡ ಅಧ್ಯಯನದಲ್ಲಿ ವಿಐಎ ಮಾಡಿಸಿಕೊಂಡ ನೂರು ಹೆಂಗಸರಲ್ಲಿ ಸುಮಾರು ಹದಿನಾಲ್ಕು ಜನರಿಗೆ ಪಾಸಿಟಿವ್ ಬಂದಿತ್ತು. ಅವರಲ್ಲಿ ಬಹುಪಾಲು ಜನರಿಗೆ ಕ್ಯಾನ್ಸರೂ ಇರಲಿಲ್ಲ, ಅದರ ಗಂಭೀರ ಪೂರ್ವಸ್ಥಿತಿಯೂ ಇರಲಿಲ್ಲ. ಅಂದರೆ ನರ್ಸಮ್ಮ ಒಂದೇ ಉಸಿರಿನಲ್ಲಿ ಎರಡು ಮಾತು ಹೇಳಬೇಕು: ಹೆದರಬೇಡ, ಕ್ಯಾನ್ಸರ್ ಇರಲಿಕ್ಕಿಲ್ಲ, ಆದರೂ ಹೋಗಲೇಬೇಕು. ಪರದೆಯ ಆಚೆ ಇಪ್ಪತ್ತು ಜನ ಕಾಯುತ್ತಿರುವಾಗ ಇದನ್ನು ತಿಳಿಯುವಂತೆ ಹೇಳುವುದು ಸುಲಭವಲ್ಲ. ಕೇಳಿದವಳ ಕಿವಿಗೆ ಒಂದೋ ‘ಕ್ಯಾನ್ಸರ್’ ಎಂಬ ಒಂದೇ ಶಬ್ದ ಬೀಳುತ್ತದೆ, ಇಲ್ಲವೇ ‘ಏನೂ ಇರಲಿಕ್ಕಿಲ್ಲ’ ಎಂಬುದಷ್ಟೇ. ಮೊದಲನೆಯದು ಕೇಳಿದವಳು ಅಂಜಿ ಮನೆಯಲ್ಲಿ ಉಳಿಯುತ್ತಾಳೆ. ಎರಡನೆಯದು ಕೇಳಿದವಳು ‘ನನಗೇನು ಬ್ಯಾನಿ ಇಲ್ಲ’ ಎಂದು ಹೊಲಕ್ಕೆ ಹೋಗುತ್ತಾಳೆ. ಸಲಹೆ ನೀಡಲು ಇಬ್ಬರು ಹೆಚ್ಚಿಗೆ ಸಿಬ್ಬಂದಿ ಬೇಕೆಂಬ ಬೇಡಿಕೆ ಯಂತ್ರದ ಬೇಡಿಕೆಯಷ್ಟು ಆಕರ್ಷಕವಲ್ಲ, ಆದ್ದರಿಂದ ಯಾರೂ ಅದನ್ನು ಗಟ್ಟಿಯಾಗಿ ಕೇಳುವುದೂ ಇಲ್ಲ.

ದಿನದ ಲೆಕ್ಕ

ದೇವದುರ್ಗದಿಂದ ಇನ್ನೂ ಆಚೆ, ಜಾಲಹಳ್ಳಿ ಕಡೆಯ ಹಳ್ಳಿಯಿಂದ ರಾಯಚೂರಿನ ಆಸ್ಪತ್ರೆಗೆ ಹೋಗಿಬರಲು ಇಡೀ ಒಂದು ದಿನ ಬೇಕು. ಮುಂಜಾನೆಯ ಮೊದಲ ಬಸ್ಸು ಹಿಡಿದರೂ ಹೊರರೋಗಿ ವಿಭಾಗದಲ್ಲಿ ಚೀಟಿ ಮಾಡಿಸುವ ಹೊತ್ತಿಗೆ ಸಾಲು ಬೆಳೆದಿರುತ್ತದೆ. ಮುಟ್ಟಾಗಿದ್ದರೆ ಪರೀಕ್ಷೆ ಆಗುವುದಿಲ್ಲ, ಇನ್ನೊಂದು ದಿನ ಬಾ ಎನ್ನುತ್ತಾರೆ. ಬಿಳಿಸೆರಗು ಜಾಸ್ತಿಯಿದ್ದರೆ ಮೊದಲು ವಾರ ಎರಡು ವಾರ ಗುಳಿಗೆ ತಗೊಂಡು ಬಾ ಎನ್ನುತ್ತಾರೆ. ಬಯಾಪ್ಸಿ ತೆಗೆದರೆ ವರದಿಗೆ ಮತ್ತೊಮ್ಮೆ. ವರದಿಯಂತೆ ಚಿಕಿತ್ಸೆಗೆ ಮಗದೊಮ್ಮೆ. ವೈದ್ಯಕೀಯವಾಗಿ ಒಂದೊಂದೂ ಸರಿಯೇ. ಆದರೆ ಒಂದೊಂದು ಸಲವೂ ಒಂದು ದಿನದ ಕೂಲಿ ಹೋಗುತ್ತದೆ, ಜೊತೆಗೆ ಬಂದವರ ಕೂಲಿಯೂ ಹೋಗುತ್ತದೆ. ಹತ್ತಿ ಬಿಡಿಸುವ ಕಾಲದಲ್ಲಿ, ತೂಕದ ಲೆಕ್ಕದಲ್ಲಿ ಕೂಲಿ ಸಿಗುವಾಗ ಯಾವ ಹೆಂಗಸೂ ಕೆಲಸ ಬಿಟ್ಟು ಬೇನೆಯಿಲ್ಲದ ರೋಗಕ್ಕೆ ಆಸ್ಪತ್ರೆ ತಿರುಗಲಾರಳು.

2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆ ಇದರಲ್ಲಿ ಒಂದು ಅಡ್ಡಿಯನ್ನು ನಿಜವಾಗಿಯೂ ಸಡಿಲಿಸಿದೆ. ಕಲ್ಯಾಣ ಕರ್ನಾಟಕ ಸಾರಿಗೆಯ ಸಾಮಾನ್ಯ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ಟಿಲ್ಲ. ಗಂಡನ ಮುಂದೆ ಬಸ್ ಚಾರ್ಜಿಗೆ ಕೈಯೊಡ್ಡದೆ ರಾಯಚೂರಿಗೆ ಹೋಗಿಬರಬಹುದೆಂಬುದು ಸಣ್ಣ ಬದಲಾವಣೆಯಲ್ಲ. ಆದರೂ ಬಸ್ಸು ಬಾರದ ಹಳ್ಳಿಯಿಂದ ಮುಖ್ಯರಸ್ತೆಯವರೆಗಿನ ಟಂಟಂ ಗಾಡಿಗೆ ದುಡ್ಡು ಕೊಡಲೇಬೇಕು, ಕೂಲಿ ನಷ್ಟವಂತೂ ಹಾಗೆಯೇ ಉಳಿದಿದೆ.

ನಗರದ ಕತೆ ಬೇರೆ. ರಾಯಚೂರಿನ ಕೊಳೆಗೇರಿಯ ಹೆಂಗಸಿಗೆ ದೂರದ ಸಮಸ್ಯೆ ಇಲ್ಲ. ಆಸ್ಪತ್ರೆ ಆಟೋದ ದೂರದಲ್ಲಿದೆ. ಆದರೆ ಹಳ್ಳಿಯಲ್ಲಿ ಆಶಾ ಕಾರ್ಯಕರ್ತೆಗೆ ಪ್ರತಿ ಮನೆಯೂ ಗೊತ್ತು, ಬಾಡಿಗೆ ಮನೆ ಬದಲಿಸುತ್ತಲೇ ಇರುವ ನಗರದ ಓಣಿಯಲ್ಲಿ ಹಾಗಲ್ಲ. ಹತ್ತಿರವಿದ್ದೂ ತಪ್ಪಿಹೋಗುವುದು ಹೇಗೆಂಬುದಕ್ಕೆ ಮುಂಬಯಿಯ ಉದಾಹರಣೆ ಸಾಕು. ಟಾಟಾ ಸ್ಮಾರಕ ಆಸ್ಪತ್ರೆ 1998ರಿಂದ ಅಲ್ಲಿನ ಕೊಳೆಗೇರಿಗಳಲ್ಲಿ ನಡೆಸಿದ ವಿಐಎ ಅಧ್ಯಯನದಲ್ಲಿ ಪಾಸಿಟಿವ್ ಬಂದ ಐವರಲ್ಲಿ ಸುಮಾರು ಒಬ್ಬರು ಮುಂದಿನ ಪರೀಕ್ಷೆಗೆ ಬರಲಿಲ್ಲ. ಆಸ್ಪತ್ರೆ ಅದೇ ಊರಿನಲ್ಲಿತ್ತು, ಮನೆಮನೆಗೆ ಹೋಗಿ ಕರೆಯುವವರಿದ್ದರು, ಖರ್ಚಿರಲಿಲ್ಲ. ಅಷ್ಟಾಗಿಯೂ ಆ ಅಧ್ಯಯನದಲ್ಲಿ ಗರ್ಭಕಂಠದ ಕ್ಯಾನ್ಸರಿನ ಸಾವುಗಳು ಶೇ. 31ರಷ್ಟು ಇಳಿದವು.

ಗರ್ಭಚೀಲದ ಭಯ

ಈ ಸೀಮೆಯ ಹೆಂಗಸರು ಮುಂದಿನ ಆಸ್ಪತ್ರೆಗೆ ಹೋಗಲು ಹಿಂಜರಿಯುವುದಕ್ಕೆ ಅಜ್ಞಾನ ಕಾರಣವೆಂದು ವರದಿಗಳು ಬರೆಯುತ್ತವೆ. ಅದು ಅರ್ಧಸತ್ಯವೂ ಅಲ್ಲ. ಅವರಿಗೆ ಒಂದು ವಿಷಯ ಚೆನ್ನಾಗಿ ಗೊತ್ತು: ಬಿಳಿಸೆರಗು, ಹೊಟ್ಟೆನೋವು ಎಂದು ಹೋದರೆ ಗರ್ಭಚೀಲ ತೆಗೆಯುತ್ತಾರೆ. 2015ರಲ್ಲಿ ಕಲಬುರಗಿ ಜಿಲ್ಲೆಯಲ್ಲಿ ಬಯಲಿಗೆ ಬಂದ ಪ್ರಕರಣ ಇದನ್ನು ರಾಜ್ಯಕ್ಕೆಲ್ಲ ತೋರಿಸಿತು. ಅಲ್ಲಿನ ತಾಂಡಾಗಳ ಮತ್ತು ಹಳ್ಳಿಗಳ ಬಡ ಹೆಂಗಸರಿಗೆ, ಅವರಲ್ಲಿ ನಲವತ್ತು ದಾಟದವರೇ ಹಲವರು, ಸಣ್ಣಪುಟ್ಟ ದೂರುಗಳಿಗೆ ಖಾಸಗಿ ಆಸ್ಪತ್ರೆಗಳಲ್ಲಿ ಗರ್ಭಕೋಶ ತೆಗೆದುಹಾಕಲಾಗಿತ್ತು. ತೆಗೆಸದಿದ್ದರೆ ಕ್ಯಾನ್ಸರ್ ಆಗುತ್ತದೆ ಎಂದು ಹೆದರಿಸಿದ್ದರು ಎಂಬುದು ಆ ಹೆಂಗಸರ ದೂರಿನಲ್ಲಿದ್ದ ಮುಖ್ಯ ಮಾತು. ತನಿಖೆಯಾಯಿತು, ಹೋರಾಟಗಳಾದವು, ಕೆಲವು ಆಸ್ಪತ್ರೆಗಳ ಪರವಾನಗಿ ರದ್ದತಿಗೆ ಆದೇಶವೂ ಆಯಿತು.

ಇದರ ಪರಿಣಾಮ ತಪಾಸಣೆಯ ನಂತರದ ಆರೈಕೆಯ ಮೇಲೆ ಎರಡು ಬಗೆಯದು. ಸುಳ್ಳು ಹೆದರಿಕೆ ಹುಟ್ಟಿಸಲು ಬಳಸಿದ್ದೂ ‘ಕ್ಯಾನ್ಸರ್ ಆಗುತ್ತದೆ’ ಎಂಬ ಮಾತನ್ನೇ, ಈಗ ನಿಜಕ್ಕೂ ಎಚ್ಚರಿಸಲು ನರ್ಸಮ್ಮ ಬಳಸುವುದೂ ಅದೇ ಮಾತನ್ನೇ. ಹಿಂದೆ ಆ ಮಾತು ನಂಬಿ ಚೀಲ ತೆಗೆಸಿಕೊಂಡ ಅಕ್ಕ, ಅತ್ತಿಗೆ ಸೊಂಟ ಹಿಡಿದುಕೊಂಡು ಮನೆಯಲ್ಲಿ ಕುಳಿತಿರುವಾಗ ಇವಳು ನಂಬುವುದು ಹೇಗೆ? ಇನ್ನೊಂದು ಪರಿಣಾಮ ಅದಕ್ಕೆ ತದ್ವಿರುದ್ಧ. ಚೀಟಿ ಹಿಡಿದವಳು ಸರ್ಕಾರಿ ಆಸ್ಪತ್ರೆಯ ನಾಲ್ಕು ಓಡಾಟ ಬೇಡವೆಂದು ತಾಲ್ಲೂಕಿನ ಖಾಸಗಿ ನರ್ಸಿಂಗ್ ಹೋಮಿಗೆ ಹೋದರೆ ಅಲ್ಲಿ ಒಂದೇ ಸಲಕ್ಕೆ ‘ಕೆಲಸ ಮುಗಿಸುವ’ ದಾರಿ ಹೇಳುವವರು ಸಿಗುತ್ತಾರೆ. ಸಾಲ ಮಾಡಿ ಆಪರೇಶನ್ ಆಗುತ್ತದೆ. ಕ್ಯಾನ್ಸರಿನ ಪೂರ್ವಸ್ಥಿತಿಗೆ ಸಾಮಾನ್ಯವಾಗಿ ಗರ್ಭಕೋಶ ತೆಗೆಯುವ ಅಗತ್ಯವಿಲ್ಲ. ಕೆಟ್ಟ ಜೀವಕೋಶಗಳಿರುವ ಜಾಗವನ್ನಷ್ಟೇ ತಂಪಿನಿಂದ ಸುಡುವ ಕ್ರಯೋಥೆರಪಿ, ಬಿಸಿಯಿಂದ ಸುಡುವ ಥರ್ಮಲ್ ಅಬ್ಲೇಶನ್, ತಂತಿಯ ಕುಣಿಕೆಯಿಂದ ಕತ್ತರಿಸಿ ತೆಗೆಯುವ ಲೀಪ್ ಎಂಬ ವಿಧಾನಗಳಿವೆ. ಇವು ಹೊರರೋಗಿಯಾಗಿ ಬಂದು ಅಂದೇ ಮನೆಗೆ ಹೋಗಬಹುದಾದ ಚಿಕಿತ್ಸೆಗಳು. ಇನ್ನು ನಿಜವಾಗಿಯೂ ಕ್ಯಾನ್ಸರ್ ಆಗಿದ್ದವಳಿಗೆ ಬಯಾಪ್ಸಿ ಮಾಡದೆ, ಹಂತ ತಿಳಿಯದೆ ಸಾಮಾನ್ಯ ಆಪರೇಶನ್ ಮಾಡಿಬಿಟ್ಟರೆ ಮುಂದಿನ ಚಿಕಿತ್ಸೆ ಇನ್ನಷ್ಟು ಕಷ್ಟವಾಗುತ್ತದೆ.

ನನ್ನ ಅಭಿಪ್ರಾಯದಲ್ಲಿ ಇಲ್ಲಿನ ಪ್ರಚಾರಫಲಕಗಳ ಮೇಲೆ ಮೊದಲು ಬರೆಯಬೇಕಾದ ಸಾಲು ‘ಈ ಚಿಕಿತ್ಸೆಯಲ್ಲಿ ಗರ್ಭಚೀಲ ತೆಗೆಯುವುದಿಲ್ಲ’ ಎಂಬುದು. ಕ್ಯಾನ್ಸರಿನ ಚಿತ್ರ ಬರೆಸುವುದಕ್ಕಿಂತ ಅದು ಹೆಚ್ಚು ಜನರನ್ನು ಆಸ್ಪತ್ರೆಗೆ ತಂದೀತು.

ಮನೆಯೊಳಗಿನ ಒಪ್ಪಿಗೆ

ಪೂರ್ವಸ್ಥಿತಿಯ ಚಿಕಿತ್ಸೆಯಾದ ಮೇಲೆ ಕೆಲವು ವಾರ ನೀರಿನಂಥ ಸ್ರಾವವಿರುತ್ತದೆ. ಸುಮಾರು ಒಂದು ತಿಂಗಳು ಗಂಡನ ಸಂಗ ಬೇಡ ಎನ್ನುತ್ತಾರೆ. ಅಂದರೆ ಗಂಡನಿಗೆ ಹೇಳದೆ ಈ ಚಿಕಿತ್ಸೆ ಮುಗಿಯುವಂತಿಲ್ಲ. ತಪಾಸಣೆಯನ್ನು ನೆರೆಮನೆಯವಳ ಜೊತೆ ಗುಟ್ಟಾಗಿ ಮಾಡಿಸಿಕೊಂಡು ಬಂದವಳು ಇಲ್ಲಿ ಸಿಕ್ಕಿಬೀಳುತ್ತಾಳೆ. ರೋಗ ಲೈಂಗಿಕವಾಗಿ ಹರಡುವ ವೈರಸ್ಸಿನಿಂದ ಎಂದು ಅರೆಬರೆ ತಿಳಿದ ಮನೆಯವರು ಅವಳ ನಡತೆಯ ಮೇಲೆ ಅನುಮಾನಪಡುತ್ತಾರೆ. ಇಡೀ ಬದುಕಿನಲ್ಲಿ ಒಬ್ಬನೇ ಗಂಡಸಿನ ಸಂಗ ಮಾಡಿದವಳಿಗೂ ಇದು ಬರುತ್ತದೆ, ಹತ್ತಾರು ವರ್ಷ ಹಿಂದಿನ ಸೋಂಕು ಈಗ ಕಾಣಿಸಿಕೊಂಡಿರಬಹುದು ಎಂಬುದನ್ನು ಗಂಡಸರಿಗೆ ಹೇಳುವ ಕೆಲಸವನ್ನು ಯಾವ ಕಾರ್ಯಕ್ರಮವೂ ಸರಿಯಾಗಿ ಹಚ್ಚಿಕೊಂಡಿಲ್ಲ.

ವಿಧವೆಯರು ಮತ್ತು ಮಾಜಿ ದೇವದಾಸಿಯರ ಸ್ಥಿತಿ ಬೇರೆ. 1982ರ ಕಾಯ್ದೆ ದೇವದಾಸಿಯಾಗಿ ಬಿಡುವುದನ್ನು ನಿಷೇಧಿಸಿದ ಮೇಲೂ ರಾಯಚೂರು ಜಿಲ್ಲೆಯಲ್ಲಿ ಆ ಹಿನ್ನೆಲೆಯ ಹೆಂಗಸರು ಸಾಕಷ್ಟು ಸಂಖ್ಯೆಯಲ್ಲಿದ್ದಾರೆ. ಒಪ್ಪಿಗೆ ಕೇಳಬೇಕಾದ ಗಂಡನಿಲ್ಲ ನಿಜ, ಆದರೆ ಜೊತೆಗೆ ಬರುವವರೂ ಇಲ್ಲ, ಆಸ್ಪತ್ರೆಯ ಕಾಗದದಲ್ಲಿ ಗಂಡನ ಹೆಸರಿನ ಜಾಗ ಬಂದಾಗ ಉತ್ತರವೂ ಇಲ್ಲ. ಗಂಡು ವೈದ್ಯರು ಪರೀಕ್ಷಿಸುತ್ತಾರೆಂದು ಗೊತ್ತಾದರೆ ಸಾಲಿನಿಂದಲೇ ಎದ್ದುಹೋಗುವವರು ಎಲ್ಲ ಜಾತಿ ಮತಗಳಲ್ಲೂ ಇದ್ದಾರೆ.

ಗುಳೆ

ದೇವದುರ್ಗ, ಲಿಂಗಸುಗೂರು, ಮಾನ್ವಿಗಳ ಹಳ್ಳಿಗಳಿಂದ ಸುಗ್ಗಿ ಮುಗಿದ ಮೇಲೆ ಬೆಂಗಳೂರು, ಪುಣೆ, ಮುಂಬಯಿ, ಹೈದರಾಬಾದುಗಳ ಕಟ್ಟಡ ಕೆಲಸಕ್ಕೆ ಕುಟುಂಬಗಳು ಹೊರಡುತ್ತವೆ. ಮನೆಯಲ್ಲಿ ಮುದುಕರು, ಶಾಲೆಗೆ ಹೋಗುವ ಮಕ್ಕಳು ಉಳಿಯುತ್ತಾರೆ. ತಪಾಸಣೆ ಆಗಬೇಕಾದ ವಯಸ್ಸಿನವರೇ ಊರಲ್ಲಿರುವುದಿಲ್ಲ. ಶಿಬಿರದಲ್ಲಿ ಅನುಮಾನ ಕಂಡವಳು ಮುಂದಿನ ವಾರ ಯಲಹಂಕದ ಯಾವುದೋ ಅಪಾರ್ಟ್‌ಮೆಂಟ್ ಕಟ್ಟಡದ ತಗಡಿನ ಶೆಡ್ಡಿನಲ್ಲಿರುತ್ತಾಳೆ. ಪುಸ್ತಕದಲ್ಲಿ ಬರೆದ ಫೋನ್ ನಂಬರು ಗಂಡನದೋ ಮಗನದೋ. ಹೊಸ ಊರಿನಲ್ಲಿ ಸಿಮ್ ಬದಲಾಗಿರುತ್ತದೆ. ಆಶಾ ಕಾರ್ಯಕರ್ತೆ ಮನೆಬಾಗಿಲಿಗೆ ಹೋಗಿ ಬೀಗ ನೋಡಿ ಬರುತ್ತಾಳೆ. ಆಗ ದಾಖಲೆಯಲ್ಲಿ ‘ಫಾಲೋಅಪ್‌ಗೆ ಬಂದಿಲ್ಲ’ ಎಂದಾಗುತ್ತದೆ, ಅಂದರೆ ತಪ್ಪು ಅವಳದೆಂಬಂತೆ.

ಗುಳೆಗೆ ಕ್ಯಾಲೆಂಡರ್ ಇದೆ. ಉಗಾದಿಗೆ, ಊರ ಜಾತ್ರೆಗೆ, ಈ ಸೀಮೆಯಲ್ಲಿ ಹಿಂದೂ ಮುಸ್ಲಿಮರಿಬ್ಬರೂ ಆಚರಿಸುವ ಮೊಹರಮ್ಮಿಗೆ ಜನ ಊರಿಗೆ ಬರುತ್ತಾರೆ. ಚುನಾವಣೆ ಬಂದಾಗ ರಾಜಕಾರಣಿಗಳು ಬಸ್ಸು ಮಾಡಿ ಕರೆತರುವುದೂ ಎಲ್ಲರಿಗೂ ಗೊತ್ತಿದೆ. ಕಾಲ್ಪೊಸ್ಕೋಪಿ ಸಾಧನ ಹೊತ್ತ ತಂಡ ಆ ವಾರಗಳಲ್ಲೇ ದೇವದುರ್ಗ, ಮಾನ್ವಿಗಳ ತಾಲ್ಲೂಕು ಆಸ್ಪತ್ರೆಗೆ ಬಂದರೆ ಉಳಿದ ತಿಂಗಳುಗಳಲ್ಲಿ ಎಷ್ಟೋ ಕರೆಗಳ ಅಗತ್ಯವೇ ಬೀಳುವುದಿಲ್ಲ. ಆದರೆ ಸರ್ಕಾರಿ ಶಿಬಿರಗಳ ದಿನಾಂಕ ನಿಗದಿಯಾಗುವುದು ಜಾಗತಿಕ ದಿನಾಚರಣೆಗಳಿಗೆ ಮತ್ತು ಮಾರ್ಚ್ ತಿಂಗಳ ಅನುದಾನದ ಗಡುವಿಗೆ ಹೊಂದಿಕೊಂಡು.

ಎರಡನೆಯ ಕಡಿತ: ಕ್ಯಾನ್ಸರ್ ಎಂದಾದ ಮೇಲೆ

ಬಯಾಪ್ಸಿಯಲ್ಲಿ ಕ್ಯಾನ್ಸರ್ ಎಂದಾದರೆ ಹಾದಿ ಜಿಲ್ಲೆಯ ಗಡಿ ದಾಟುತ್ತದೆ. ಕಲಬುರಗಿಯಲ್ಲಿ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಯ ಪ್ರಾದೇಶಿಕ ಘಟಕವಿದೆ. ರೈಲಿನಲ್ಲಿ ವಾಡಿ ಮೇಲೆ ಸುಮಾರು 145 ಕಿಲೋಮೀಟರು. 1973ರಲ್ಲಿ ಆರಂಭವಾದ ಮೂಲ ಕಿದ್ವಾಯಿ ಸ್ಮಾರಕ ಗ್ರಂಥಿ ಸಂಸ್ಥೆ ಇರುವ ಬೆಂಗಳೂರು 400 ಕಿಲೋಮೀಟರಿಗೂ ಹೆಚ್ಚು. ಹೈದರಾಬಾದ್ ಬೆಂಗಳೂರಿನ ಅರ್ಧದಷ್ಟು ದೂರವೂ ಆಗುವುದಿಲ್ಲ ಎನ್ನಬಹುದು, ಸುಮಾರು 200 ಕಿಲೋಮೀಟರು. ಅಲ್ಲಿ ರೆಡ್ ಹಿಲ್ಸ್‌ನ ಎಂಎನ್‌ಜೆ ಸರ್ಕಾರಿ ಕ್ಯಾನ್ಸರ್ ಆಸ್ಪತ್ರೆಯಿದೆ. ರಾಯಚೂರಿನವರಿಗೆ ಅದು ಹಳೆಯ ರಾಜಧಾನಿ. ಮಾತು ಬರುತ್ತದೆ, ನೆಂಟರಿದ್ದಾರೆ. ಆದರೆ ಶಕ್ತಿ ಯೋಜನೆಯ ಟಿಕೆಟ್ಟು ರಾಜ್ಯದ ಗಡಿಯಲ್ಲಿ ನಿಲ್ಲುತ್ತದೆ. 2018ರಲ್ಲಿ ಬಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಕೊಡುತ್ತದೆ, ಆದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕು. ಆಚೆಯ ರಾಜ್ಯದಲ್ಲಿ ಕಾರ್ಡು ನಡೆಯುತ್ತದೋ ಇಲ್ಲವೋ ಎಂಬ ಗೊಂದಲದಲ್ಲೇ ವಾರಗಳು ಹೋಗುತ್ತವೆ.

ಕಾರ್ಡಿನಿಂದ ಚಿಕಿತ್ಸೆ ಉಚಿತವಾದರೂ ಅಲ್ಲಿ ಉಳಿದುಕೊಳ್ಳುವುದು ಉಚಿತವಲ್ಲ. ಸುತ್ತಮುತ್ತಲಿಗಷ್ಟೇ ಹರಡಿದ ಗರ್ಭಕಂಠದ ಕ್ಯಾನ್ಸರಿಗೆ ವಾರಕ್ಕೆ ಐದು ದಿನದಂತೆ ಐದಾರು ವಾರ ಹೊರಗಿನಿಂದ ವಿಕಿರಣ, ಜೊತೆಗೆ ವಾರಕ್ಕೊಮ್ಮೆ ಸಿಸ್‌ಪ್ಲಾಟಿನ್ ಎಂಬ ಔಷಧಿ, ಕೊನೆಗೆ ಒಳಗಿಟ್ಟು ಕೊಡುವ ಬ್ರ್ಯಾಕಿಥೆರಪಿ. ಎಲ್ಲವೂ ಎಂಟು ವಾರದೊಳಗೆ ಮುಗಿದರೆ ಫಲ ಚೆನ್ನ. ನಡುವೆ ಬಿಟ್ಟರೆ ಫಲ ಇಳಿಯುತ್ತದೆ. ಎರಡು ತಿಂಗಳು ಮನೆ, ದನ, ಮಕ್ಕಳನ್ನು ಬಿಟ್ಟು ಪರವೂರಿನಲ್ಲಿ ಇರಬೇಕು. ಅರ್ಧ ವಿಕಿರಣವಾದ ಮೇಲೆ ರಕ್ತಸ್ರಾವ ನಿಲ್ಲುತ್ತದೆ, ನೋವು ಇಳಿಯುತ್ತದೆ. ಆರಾಮಾಯಿತೆಂದು ಊರಿಗೆ ಹೊರಟುಬಿಡುವುದು ಆ ಹೊತ್ತಿನಲ್ಲೇ. ಧರ್ಮಶಾಲೆಯ ಒಂದು ಹಾಸಿಗೆ ಮತ್ತು ಜೊತೆಗಿರುವವರಿಗೆ ದಿನಭತ್ಯೆ ಚಿಕಿತ್ಸೆಯ ಭಾಗವೇ ಎಂದು ಲೆಕ್ಕಹಾಕದ ಯೋಜನೆ ಅರ್ಧ ಯೋಜನೆ.

ನೆರೆಹೊರೆಯ ಪಾಠಗಳು

ತಮಿಳುನಾಡಿನ ದಿಂಡಿಗಲ್ ಜಿಲ್ಲೆಯಲ್ಲಿ 2000ದಿಂದ ನಡೆದ ಅಧ್ಯಯನದಲ್ಲಿ ತರಬೇತಿ ಪಡೆದ ನರ್ಸುಗಳೇ ವಿಐಎ ಮಾಡಿ, ಅನುಮಾನವಿದ್ದರೆ ಅಲ್ಲೇ ಕಾಲ್ಪೊಸ್ಕೋಪಿ ಮಾಡಿ, ಬಯಾಪ್ಸಿ ತೆಗೆದು, ಒಪ್ಪಿದವರಿಗೆ ಅದೇ ಭೇಟಿಯಲ್ಲಿ ಕ್ರಯೋಥೆರಪಿ ಕೊಟ್ಟರು. ಏಳು ವರ್ಷದಲ್ಲಿ ಹೊಸ ರೋಗಿಗಳು ಶೇ. 25ರಷ್ಟು, ಸಾವುಗಳು ಶೇ. 35ರಷ್ಟು ಕಡಿಮೆಯಾದವು. ಉಸ್ಮಾನಾಬಾದಿನಲ್ಲಿ ಬೇರೆ ಪಾಠ ಸಿಕ್ಕಿತು. ಅಲ್ಲಿ ಸುಮಾರು 1.3 ಲಕ್ಷ ಹೆಂಗಸರನ್ನು ನಾಲ್ಕು ಗುಂಪುಗಳಾಗಿಸಿ ನೋಡಿದಾಗ ಒಂದೇ ಸಲದ ಎಚ್‌ಪಿವಿ ಪರೀಕ್ಷೆಯ ಗುಂಪಿನಲ್ಲಿ ಸಾವುಗಳು ಅರ್ಧದಷ್ಟಕ್ಕೆ ಇಳಿದಿದ್ದವು. ವಿಐಎ ಗುಂಪಿನಲ್ಲಿ ಹಾಗಾಗಲಿಲ್ಲ. ಆ ಫಲಿತಾಂಶ 2009ರಲ್ಲಿ ಪ್ರಕಟವಾದ ಮೇಲೆ ಜಗತ್ತಿನ ಒಲವು ಎಚ್‌ಪಿವಿ ಪರೀಕ್ಷೆಯ ಕಡೆ ತಿರುಗಿತು. 2021ರ ಮಾರ್ಗಸೂಚಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದನ್ನೇ ಮೊದಲ ಪರೀಕ್ಷೆಯಾಗಿ ಶಿಫಾರಸು ಮಾಡಿತು.

ರಾಯಚೂರಿನಂಥ ಕಡೆ ಈ ಎರಡು ಪಾಠಗಳು ಒಂದಕ್ಕೊಂದು ಎದುರು ನಿಲ್ಲುತ್ತವೆ. ಎಚ್‌ಪಿವಿ ಪರೀಕ್ಷೆಗೆ ಮಾದರಿಯನ್ನು ಹೆಂಗಸು ಮನೆಯಲ್ಲೇ ತಾನೇ ತೆಗೆದುಕೊಡಬಹುದು. ಮೇಜಿನ ಮೇಲೆ ಮಲಗುವ ನಾಚಿಕೆಯಿಲ್ಲ. ಆದರೆ ಫಲಿತಾಂಶ ಬರುವುದು ದಿನಗಳ ಮೇಲೆ. ಅಂದರೆ ಒಳ್ಳೆಯ ಪರೀಕ್ಷೆ ಬಂದ ಕಾರಣಕ್ಕೇ ಮತ್ತೊಂದು ಕರೆ, ಮತ್ತೊಂದು ಓಡಾಟ ಹುಟ್ಟುತ್ತದೆ. ಇದಕ್ಕೆ ಪರಿಹಾರ ಇಲ್ಲದಿಲ್ಲ. ಕ್ಷಯರೋಗ ಪತ್ತೆಗೆಂದು ಬಂದ ಸಿಬಿನ್ಯಾಟ್, ಟ್ರೂನ್ಯಾಟ್ ಬಗೆಯ ಯಂತ್ರಗಳಲ್ಲಿ ಎಚ್‌ಪಿವಿಯನ್ನೂ ಗಂಟೆ ಎರಡು ಗಂಟೆಯಲ್ಲಿ ಪತ್ತೆಹಚ್ಚಬಹುದು. ಬ್ಯಾಟರಿಯಿಂದ ನಡೆಯುವ ಥರ್ಮಲ್ ಅಬ್ಲೇಶನ್ ಸಾಧನಕ್ಕೆ ಕ್ರಯೋಥೆರಪಿಯಂತೆ ಗ್ಯಾಸ್ ಸಿಲಿಂಡರ್ ಹೊರಬೇಕಿಲ್ಲ. 2019ರಲ್ಲೇ ವಿಶ್ವ ಆರೋಗ್ಯ ಸಂಸ್ಥೆ ಅದಕ್ಕೆ ಒಪ್ಪಿಗೆ ಕೊಟ್ಟಿದೆ. ಮುಂಜಾನೆ ಮಾದರಿ, ಮಧ್ಯಾಹ್ನ ಫಲಿತಾಂಶ, ಸಂಜೆಯ ಬಸ್ಸಿಗೆ ಮುಂಚೆ ಚಿಕಿತ್ಸೆ ಎಂಬುದು ತಾಲ್ಲೂಕು ಮಟ್ಟದಲ್ಲಿ ಅಸಾಧ್ಯವಾದ ಮಾತಲ್ಲ.

ಕರ್ನಾಟಕದಲ್ಲಿ ಮನೆಬಾಗಿಲಲ್ಲೇ ಮೂವತ್ತು ದಾಟಿದವರ ತಪಾಸಣೆ ಮಾಡುವ ಗೃಹ ಆರೋಗ್ಯ ಯೋಜನೆ 2024ರಲ್ಲಿ ಕೋಲಾರದಲ್ಲಿ ಶುರುವಾಯಿತು. ರಕ್ತದೊತ್ತಡ, ಮಧುಮೇಹಕ್ಕೆ ಇಂಥ ಯೋಜನೆ ಹೊಂದುತ್ತದೆ, ಏಕೆಂದರೆ ಗುಳಿಗೆಯನ್ನೂ ಮನೆಗೇ ಕೊಡಬಹುದು. ಗರ್ಭಕಂಠಕ್ಕೆ ಕೊಡಬೇಕಾದ ಚಿಕಿತ್ಸೆಯನ್ನು ಮನೆಗೆ ಒಯ್ಯಲಾಗುವುದಿಲ್ಲ. ಇನ್ನು ಲಸಿಕೆ: ಪುಣೆಯ ಸೀರಮ್ ಸಂಸ್ಥೆಯ ಸರ್ವಾವ್ಯಾಕ್ 2023ರಲ್ಲಿ ಮಾರುಕಟ್ಟೆಗೆ ಬಂತು. ಅದರ ಲಾಭ ಇಂದಿನ ಹುಡುಗಿಯರಿಗೆ. ಅವರ ತಾಯಂದಿರಿಗೆ ತಪಾಸಣೆ ಮತ್ತು ಅದರ ನಂತರದ ಆರೈಕೆ ಬಿಟ್ಟರೆ ಬೇರೆ ರಕ್ಷಣೆಯಿಲ್ಲ.

ಎಚ್‌ಐವಿ ಇರುವ ಹೆಂಗಸರು

ಎಚ್‌ಐವಿ ಇದ್ದವರಿಗೆ ಈ ಕ್ಯಾನ್ಸರಿನ ಅಪಾಯ ಆರು ಪಟ್ಟು. ಹದಿನೈದು ಇಪ್ಪತ್ತು ವರ್ಷದ ಬದಲು ಐದು ಹತ್ತು ವರ್ಷದಲ್ಲೇ ರೋಗ ಬಲಿಯಬಹುದು. ಆದ್ದರಿಂದ ಅವರಿಗೆ 25ನೆಯ ವಯಸ್ಸಿನಿಂದಲೇ, ಮೂರರಿಂದ ಐದು ವರ್ಷಕ್ಕೊಮ್ಮೆ ತಪಾಸಣೆ ಬೇಕೆಂಬ ಸೂಚನೆಯಿದೆ. ಉತ್ತರ ಕರ್ನಾಟಕದ ಜಿಲ್ಲೆಗಳು ದೀರ್ಘಕಾಲ ರಾಜ್ಯದ ಎಚ್‌ಐವಿ ಭಾರವನ್ನು ಹೊತ್ತವು. ಅಪಾಯ ಅತಿ ಹೆಚ್ಚಿರುವ ಈ ಗುಂಪಿನಲ್ಲೇ ಫಾಲೋಅಪ್ ಅತಿ ಸುಲಭ ಎಂಬುದು ಗಮನಿಸಬೇಕಾದ ವಿಷಯ. ಎಚ್‌ಐವಿ ಔಷಧಿ ಕೊಡುವ ಎಆರ್‌ಟಿ ಕೇಂದ್ರಕ್ಕೆ ಅವರು ಮಾತ್ರೆಗಾಗಿ ನಿಯಮಿತವಾಗಿ ಬರುತ್ತಾರೆ. ಬರದಿದ್ದರೆ ಫೋನ್ ಮಾಡುವವರಿದ್ದಾರೆ, ಮನೆಗೆ ಹುಡುಕಿಕೊಂಡು ಹೋಗುವ ಕಾರ್ಯಕರ್ತರಿದ್ದಾರೆ. ಗುಳೆ ಹೋಗುವಾಗ ಹೆಚ್ಚಿನ ತಿಂಗಳ ಮಾತ್ರೆ ಕೊಡುವ, ಬೇರೆ ಊರಿನ ಕೇಂದ್ರಕ್ಕೆ ವರ್ಗಾಯಿಸುವ ಪದ್ಧತಿಯೂ ಇದೆ. ಹೆಸರನ್ನು ಗುಟ್ಟಾಗಿಟ್ಟುಕೊಂಡೇ ಇಷ್ಟೆಲ್ಲ ನಡೆಯುತ್ತದೆ. ವಿಐಎ ಪಾಸಿಟಿವ್ ಬಂದವರಿಗೆ ಜಿಲ್ಲೆಯಲ್ಲಿ ಬೇಕಾಗಿರುವುದು ಇದೇ ವ್ಯವಸ್ಥೆ: ವರ್ಗಾಯಿಸಬಹುದಾದ ಕಾರ್ಡು, ತಪ್ಪಿದವರನ್ನು ಹುಡುಕಲು ಸಂಬಳ ಪಡೆಯುವ ಒಬ್ಬ ಹೊಣೆಗಾರ್ತಿ, ಮತ್ತು ಚಿಕಿತ್ಸೆಯಾದ ಹನ್ನೆರಡು ತಿಂಗಳಿಗೆ ಆಗಲೇಬೇಕಾದ ಮರುಪರೀಕ್ಷೆಯ ದಿನಾಂಕ ಬರೆದ ಒಂದು ಪುಸ್ತಕ.